ಎಮ್ಮೆ ಚರ್ಮ ಹೊತ್ತು ಲ್ಯಾಂಕಷೈರಿಗೆ

ನಮ್ಮ ರಾಜಾಜಿನಗರದ ಬೀದಿಯಲ್ಲಿ ಫಾರಿನ್‌ಗೆ ಹೋಗಿಬಂದವರು ಬೇಕಾದಷ್ಟು ಜನ ಇದ್ದಾರೆ. ಬಂದವರೆಲ್ಲ ಅದೇ ಗಡಿಯಾರದ ಗೋಪುರ, ಅದೇ ಸೇತುವೆ, ಅದೇ ಮೇಣದ ಬೊಂಬೆಗಳ ಫೋಟೋ ತೋರಿಸುತ್ತಾರೆ. ನಾನೂ ಒಂಬತ್ತು ದಿನ ಇಂಗ್ಲೆಂಡಿನಲ್ಲಿದ್ದೆ. ಆ ಗೋಪುರದ ದಿಕ್ಕಿಗೂ ತಲೆ ಹಾಕಲಿಲ್ಲ. ಲ್ಯಾಂಕಷೈರಿನ ಒಂದು ಹಳ್ಳಿ, ಅದರಲ್ಲೊಂದು ಮುಚ್ಚಿದ ಮಿಲ್ಲು, ಮಿಲ್ಲಿನೊಳಗೆ ಓಡದ ಒಂದು ಮಗ್ಗ, ಇಷ್ಟು ನೋಡಿಕೊಂಡು ಬಂದೆ. ಇದನ್ನು ಕೇಳಿ ಪಕ್ಕದ ಮನೆಯ ವಿಶಾಲಾಕ್ಷಿ "ಅಯ್ಯೋ ಪಾಪ, ಅಷ್ಟು ದೂರ ಹೋಗಿ!" ಅಂದಳು. ಅವಳ ಆ 'ಪಾಪ'ಕ್ಕೆ ಉತ್ತರವಾಗಿ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಯಜಮಾನರು ನಂಜುಂಡಪ್ಪನವರು ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಮಿಲ್ಲಿನಲ್ಲಿ ಜಾಬರ್ ಆಗಿದ್ದರು. ಜಾಬರ್ ಎಂದರೆ ಮಗ್ಗಗಳ ಡಾಕ್ಟರು. ಮಗ್ಗ ಕೆಮ್ಮಿದರೂ ಸೀನಿದರೂ ಸ್ಪ್ಯಾನರ್ ಹಿಡಿದು ಓಡಬೇಕಾದವರು. ನಾನು ಅದೇ ಮಿಲ್ಲಿನಲ್ಲಿ ನೂಲು ಸುತ್ತುವ ವೈಂಡಿಂಗ್ ಖಾತೆಯಲ್ಲಿದ್ದೆ. ಮಿಲ್ಲು ಮುಚ್ಚಿದ ಮೇಲೆ ಇವರು ವಿಜಯನಗರದಾಚೆ ಪಟ್ಟೆಗಾರಪಾಳ್ಯದಲ್ಲಿ ಮಗ್ಗದ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟರು. ಒಂದು ದಿನ ಆ ಅಂಗಡಿಯ ಮುಂದೆ ಆಟೋದಿಂದ ಬಿಳಿಕೂದಲಿನ ಇಂಗ್ಲಿಷ್ ಹೆಂಗಸೊಬ್ಬರು ಇಳಿದರು. ಹೆಸರು ಮಾರ್ಗರೆಟ್, ನಿವೃತ್ತ ಶಾಲಾ ಮೇಡಂ. ಮೈಸೂರು ನೋಡಲು ಬಂದಿದ್ದವರು ಮಗ್ಗದ 'ಪಿಕ್ಕರ್' ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದರು.

ಪಿಕ್ಕರ್ ಎಂದರೆ ನೂಲು ಹೊತ್ತ ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಒದೆಯುವ, ಎಮ್ಮೆ ಚರ್ಮದ ಗಟ್ಟಿ ತುಂಡು. ಮಗ್ಗಕ್ಕೆ ಎರಡು ಬೇಕು, ಎಡಕ್ಕೊಂದು ಬಲಕ್ಕೊಂದು. ಮಾರ್ಗರೆಟ್ಟರ ಹಳ್ಳಿಯ ಮಿಲ್ಲಿನಲ್ಲಿ ಉಳಿದಿದ್ದ ಒಂದೇ ಒಂದು ಹಳೆಯ ಮಗ್ಗ ಪಿಕ್ಕರ್ ಇಲ್ಲದೆ ನಿಂತುಹೋಗಿತ್ತು. ಅಲ್ಲಿ ಅದನ್ನು ಮಾಡುವವರೂ ಇಲ್ಲ, ಕೂರಿಸುವವರೂ ಇಲ್ಲ. ಊರಿನವರೇ ಸೇರಿ ನಡೆಸುವ ಟ್ರಸ್ಟ್ ಒಂದಿದೆ, ಸದಸ್ಯರೆಲ್ಲ ಜೂನ್ ತಿಂಗಳ ಒಂದು ಶನಿವಾರ ಸೇರಿ ಮಗ್ಗದ ಶೆಡ್ಡನ್ನು ಫ್ಲ್ಯಾಟ್ ಕಟ್ಟುವವನಿಗೆ ಮಾರಬೇಕೋ ಬೇಡವೋ ಎಂದು ಕೈ ಎಣಿಸಲಿದ್ದಾರೆ, ಅಷ್ಟರೊಳಗೆ ಮಗ್ಗ ಓಡಿದರೆ ಶೆಡ್ಡು ಉಳಿದೀತು ಎಂದರು. ಊರಿಗೆ ಮರಳಿದ ಮೇಲೆ ಅವರ ಕಾಗದ ಬಂತು: ಪಿಕ್ಕರ್ ಜೊತೆ ನೀವೇ ಬನ್ನಿ, ಟಿಕೆಟ್ ನಮ್ಮದು. ಇವರು ಸೈಬರ್ ಸೆಂಟರಿಗೆ ಹೋಗಿ ಉತ್ತರ ಕಳಿಸಿದರು: "ಮಗ್ಗ ಓಡಿಸಿ ಕೊಡುತ್ತೇನೆ." ಕೇಳಿದ್ದು ಒಂದು ಸಾಲು, ಕೊಟ್ಟಿದ್ದು ಒಂದು ಮಾತು.

ಅಷ್ಟು ಹೊತ್ತಿಗೆ ನಮ್ಮ ಮಿಲ್ಲು ನೆಲಸಮವಾಗಿತ್ತು. ಆ ಜಾಗದಲ್ಲಿ ಈಜುಕೊಳದ ಪಕ್ಕ ಹಲ್ಲುಕಿರಿಯುವ ಗಂಡಹೆಂಡಿರಿದ್ದ, ಫ್ಲ್ಯಾಟ್ ಜಾಹೀರಾತಿನ ದೊಡ್ಡ ಬೋರ್ಡು ನಿಂತಿತ್ತು. ಬಸ್ಸು ಆ ಕಡೆ ಹೋಗುವಾಗ ಇವರು ಬೇರೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಇವರಿಗೆ ಆ ಒಂದು ಮಗ್ಗ ಓಡಲೇಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದನ್ನೂ ಹೇಳಬೇಕೇ?

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ನಮ್ಮ ಪೆಟ್ಟಿಗೆಯಲ್ಲಿ ಚಟ್ನಿಪುಡಿ ಇತ್ತು, ಹುರಿಹಿಟ್ಟು ಇತ್ತು, ಆರು ತಿಂಗಳು ಹರಳೆಣ್ಣೆಯಲ್ಲಿ ನೆನೆದ ನಾಲ್ಕು ಪಿಕ್ಕರ್‌ಗಳೂ ಇದ್ದವು. ಎಣ್ಣೆ ಕುಡಿಯದ ಪಿಕ್ಕರ್ ಒಂದು ಗಂಟೆಯೂ ಬಾಳುವುದಿಲ್ಲ. ಚೆನ್ನಾಗಿ ಕುಡಿದ ಪಿಕ್ಕರ್ ಹತ್ತಿರ ಮನುಷ್ಯರು ನಿಲ್ಲಲಾಗುವುದಿಲ್ಲ. ಕಸ್ಟಮ್ಸ್‌ನ ಹುಡುಗ ಪೆಟ್ಟಿಗೆ ತೆಗೆದವನೇ ಎರಡು ಹೆಜ್ಜೆ ಹಿಂದೆ ಸರಿದ.

"ಇದು ತಿನ್ನುವ ಪದಾರ್ಥವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮಗ್ಗದ ಸದ್ದಿನಲ್ಲಿ ಇವರ ಕಿವಿ ಮುಕ್ಕಾಲು ಹೋಗಿದೆ. ಏನು ಕೇಳಿದರೂ ಮೊದಲು 'ಯಸ್' ಅನ್ನುವ ಅಭ್ಯಾಸ. "ಯಸ್ ಸಾರ್!" ಅಂದರು.

"ರೀ! ತಿನ್ನೋದಾ ಅಂತ ಕೇಳ್ತಾ ಇದಾನೆ!" ನಾನು ಕಿರುಚಿದೆ. ಇಡೀ ವಿಮಾನ ನಿಲ್ದಾಣ ತಿರುಗಿ ನೋಡಿತು.

"ಅಯ್ಯಯ್ಯೋ, ನೋ ಸಾರ್, ನೋ ಈಟಿಂಗ್!" ಎಂದು ಇವರು ಒಂದು ತುಂಡು ಕೈಗೆತ್ತಿಕೊಂಡು, ಇನ್ನೊಂದು ಕೈಯನ್ನು ಲಾಳಿ ಮಾಡಿ, ಬಾಯಲ್ಲಿ 'ಖಟಾಕ್ ಖಟಾಕ್' ಎನ್ನುತ್ತ ಅಲ್ಲೇ ನೇಯ್ದು ತೋರಿಸಲು ಶುರು ಮಾಡಿದರು. ಹುಡುಗ ಗಾಬರಿಬಿದ್ದು ದೊಡ್ಡವರನ್ನು ಕರೆದ. ಬಂದವರು ತಲೆ ನರೆತ ಅಧಿಕಾರಿ. ಬಗ್ಗಿ ಮೂಸಿ ನೋಡಿದರು. ಅವರ ಮುಖ ಸಣ್ಣ ಮಗುವಿನ ಹಾಗಾಯಿತು. ಅವರ ಅಜ್ಜಿ ಮಗ್ಗದ ಕೆಲಸದವಳಂತೆ, ಅಜ್ಜಿಯ ಏಪ್ರನ್ನು ಇದೇ ವಾಸನೆ ಹೊಡೆಯುತ್ತಿತ್ತಂತೆ. ಮಾರ್ಗರೆಟ್ ಕೊಟ್ಟಿದ್ದ ಕಾಗದ ಓದಿ, ಮತ್ತೊಂದು ಸಲ ಮೂಸಿ, ನಮ್ಮನ್ನು ಹೋಗಗೊಟ್ಟರು. ಹುರಿಹಿಟ್ಟಿನ ಮೇಲೆ ಅವರಿಗೆ ಹೆಚ್ಚು ಅನುಮಾನವಿತ್ತು.

ಮಾರ್ಗರೆಟ್ಟರ ಪುಟ್ಟ ಕಾರಿನಲ್ಲಿ ಹೋಗುವಾಗ ದಾರಿಯಲ್ಲಿ 'ಬರ್ನ್‌ಲಿ' ಎಂಬ ಫಲಕ ಬಂತು. ಇವರು ಕೂತಲ್ಲೇ ಎಗರಿದರು.

"ಬಂತು ಕಣೇ! ನಮ್ಮೂರು ಬಂತು!"

ನಮ್ಮ ಮಿಲ್ಲಿನ ಮಗ್ಗಗಳ ಕಬ್ಬಿಣದ ಮೇಲೆ ಆ ಊರಿನ ಹೆಸರು ಉಬ್ಬಕ್ಷರದಲ್ಲಿ ಎರಕವಾಗಿತ್ತು. ಇವರು ಮೂವತ್ತು ವರ್ಷ ಎಣ್ಣೆ ಬಟ್ಟೆ ಹಿಡಿದು ಅದನ್ನು ಒರೆಸಿದ್ದರು. ಅದು ಒಂದು ಊರು, ಅಲ್ಲಿ ಟ್ರಾಫಿಕ್ ಸಿಗ್ನಲ್ಲು, ಬ್ರೆಡ್ ಅಂಗಡಿ ಎಲ್ಲ ಇರುತ್ತದೆ ಎಂದು ಇಬ್ಬರಿಗೂ ಹೊಳೆದೇ ಇರಲಿಲ್ಲ.

ಬುಧವಾರ, ಜಾಬರ್ ಮನೆ

ಹಳ್ಳಿ ಎಂದರೆ ಎರಡು ಗುಡ್ಡಗಳ ನಡುವೆ ಒಂದು ಹೊಳೆ. ಹೊಳೆಯ ಪಕ್ಕ ಮಿಲ್ಲು. ಮಿಲ್ಲಿನಿಂದ ಗುಡ್ಡದ ಮೇಲಕ್ಕೆ ಮೆಟ್ಟಿಲು ಹತ್ತಿದ ಹಾಗೆ ಕಲ್ಲಿನ ಮನೆಗಳ ಸಾಲು. ಎಲ್ಲ ಮನೆಗೂ ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಹೊಗೆಗೂಡು, ಥೇಟ್ ನಮ್ಮ ಹಳೆಯ ವಠಾರಗಳೇ. ನಮ್ಮಲ್ಲಿ ಹನ್ನೆರಡು ಮನೆಗೆ ಒಂದು ನಲ್ಲಿ ಇತ್ತು, ಇಲ್ಲಿ ಹನ್ನೆರಡು ಮನೆಗೆ ಒಂದು ಪಾಯಿಖಾನೆ ಇತ್ತಂತೆ. ಈಗ ಅದರೊಳಗೆ ಹೂವಿನ ಕುಂಡ ಇಟ್ಟಿದ್ದಾರೆ. ಎಷ್ಟು ಚೆಂದದ ಹೂವು ಎಂದು ನಾನು ಒಳಗೆ ತಲೆ ಹಾಕಿ ಹೊಗಳಿದ ಮೇಲೆ ಮಾರ್ಗರೆಟ್ ಅದು ಏನೆಂದು ಹೇಳಿದರು.

ಮೊದಲು ಅಲ್ಲಿ ಹಿಟ್ಟು ಬೀಸುವ ಗಿರಣಿ ಇತ್ತಂತೆ. ಆಮೇಲೆ ಒಬ್ಬ ಸಾಹುಕಾರ ಹೊಳೆಗೆ ಕಟ್ಟೆ ಕಟ್ಟಿ, ನೀರಿನ ಚಕ್ರ ಕೂರಿಸಿ, ನೂಲಿನ ಮಿಲ್ಲು ಮಾಡಿದ. ಅವನ ಮಗ ಉಗಿಯಂತ್ರ ತಂದು ಮಗ್ಗದ ಶೆಡ್ಡು ಕಟ್ಟಿಸಿದ. ಮನೆಗಳು, ಶಾಲೆ, ಚರ್ಚು, ಎಲ್ಲವೂ ಅವರದೇ. ಹೆಂಡದಂಗಡಿಗೆ ಮಾತ್ರ ಊರಿನಲ್ಲಿ ಜಾಗ ಕೊಡಲಿಲ್ಲ. ಹಾಗಾಗಿ ಗಂಡಸರೆಲ್ಲ ಗುಡ್ಡ ಹತ್ತಿ ಪಕ್ಕದ ಊರಿಗೆ ಹೋಗಿ ಕುಡಿದು, ಉರುಳಿಕೊಂಡು ವಾಪಸು ಬರುತ್ತಿದ್ದರಂತೆ. ಸಾಹುಕಾರನ ಬಂಗಲೆ ಎದುರು ಗುಡ್ಡದ ಮೇಲಿದೆ. ಅಲ್ಲಿ ನಿಂತರೆ ಯಾರ ಮನೆಯ ಹೊಗೆಗೂಡಿನಲ್ಲಿ ಎಷ್ಟು ಹೊತ್ತಿಗೆ ಹೊಗೆ ಬಂತು ಎಂಬುದೂ ಕಾಣುತ್ತದೆ. ನಮ್ಮ ಮಿಲ್ಲಿನ ಮ್ಯಾನೇಜರಿಗೂ ಇಂಥದೊಂದು ಬಾಲ್ಕನಿ ಇತ್ತು.

ನಮ್ಮನ್ನು ಇಳಿಸಿದ್ದು ಸಾಲಿನ ಕೊನೆಯ ಮನೆಯಲ್ಲಿ. ಅದು ಮಾರ್ಗರೆಟ್ಟರದೇ ಮನೆ. ಬೇರೆ ಮನೆಗಳಿಗಿಂತ ಒಂದು ಕೋಣೆ ಹೆಚ್ಚು, ಕಿಟಕಿಯೂ ದೊಡ್ಡದು. ಯಾಕೆಂದು ಕೇಳಿದೆ. ಅದು ಮಗ್ಗ ರಿಪೇರಿಯ ಮೇಸ್ತ್ರಿಗೆಂದು, ಎಂದರೆ ಜಾಬರಿಗೆಂದೇ ಕಟ್ಟಿಸಿದ ಮನೆಯಂತೆ. ಇದನ್ನು ಇವರ ಕಿವಿಯಲ್ಲಿ ಕೂಗಿ ಹೇಳಿದ್ದೇ ತಪ್ಪಾಯಿತು. ಆವತ್ತಿಡೀ ಮೆಟ್ಟಿಲು ಹತ್ತಿದರು, ಇಳಿದರು, ಕಿಟಕಿಯಿಂದ ಹಣಕಿದರು.

"ನೋಡಿದ್ಯೇನೇ ಸರೋಜ? ಜಾಬರ್ ಅಂದ್ರೆ ಇಲ್ಲಿ ಏನ್ ಮರ್ಯಾದೆ!"

"ನೋಡ್ದೆ ಕಣ್ರೀ. ಆ ಮರ್ಯಾದೆಯ ಶೂ ಬಿಚ್ಚಿಟ್ಟು ಒಳಗೆ ಬನ್ನಿ."

ಗುರುವಾರ, ಮಿಲ್ಲಿನೊಳಗೆ

ಮಗ್ಗದ ಶೆಡ್ಡಿನ ಛಾವಣಿ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಹಲ್ಲಿನ ಒಂದು ಮುಖಕ್ಕೆಲ್ಲ ಗಾಜು, ಉತ್ತರದ ಕಡೆಗೆ. ನೇರ ಬಿಸಿಲು ಬೀಳಬಾರದು, ಬೆಳಕು ಮಾತ್ರ ಬೇಕು. ನಮ್ಮ ಮಿಲ್ಲಿನದೂ ಹೀಗೇ ಇತ್ತು. ಇವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ನೋಡಿ ತಮಾಷೆ. ಊರು ತೋರಿಸಲು ಬಂದ ಮಾರ್ಗರೆಟ್ಟರನ್ನು ಹಿಂದೆ ಹಾಕಿಕೊಂಡು, ಅವರದೇ ಮಿಲ್ಲನ್ನು ಇವರೇ ಅವರಿಗೆ ತೋರಿಸತೊಡಗಿದರು.

"ದಿಸ್ ಸೈಡ್ ಆಯಿಲ್ ರೂಮ್, ಮೇಡಂ." ಬಾಗಿಲು ತಳ್ಳಿದರೆ ಎಣ್ಣೆ ಕೋಣೆ. "ದಟ್ ಸೈಡ್ ಮೇಸ್ತ್ರಿ ಗ್ಲಾಸ್ ರೂಮ್." ಅದೂ ಇತ್ತು. "ಹಿಯರ್ ಕ್ಯಾಂಟೀನ್ ಗೋಯಿಂಗ್." ಅಲ್ಲಿ ಗೋಡೆ ಇತ್ತು. ಇವರ ಮುಖ ಪೆಚ್ಚಾಯಿತು. ಮಾರ್ಗರೆಟ್ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅಲ್ಲಿದ್ದ ದಾರಿಯನ್ನು ತಾವು ಸಣ್ಣವರಿದ್ದಾಗ ಇಟ್ಟಿಗೆ ಇಟ್ಟು ಮುಚ್ಚಿದ್ದರಂತೆ! ಇಬ್ಬರೂ ಕೈ ಕುಲುಕಿದರು, ಗೋಡೆ ತಟ್ಟಿದರು, ಮತ್ತೆ ಕೈ ಕುಲುಕಿದರು. ನನಗಂತೂ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು.

ಮಗ್ಗ ಮೂಲೆಯಲ್ಲಿತ್ತು. ಕಪ್ಪಗೆ, ಮೈಯೆಲ್ಲ ಮಿರಿಮಿರಿ, ಮೇಲೆ ಬರ್ನ್‌ಲಿಯ ಉಬ್ಬಕ್ಷರ. ಇವರು ಜೇಬಿನಿಂದ ಕರ್ಚೀಫು ತೆಗೆದು ಆ ಅಕ್ಷರಗಳನ್ನು ಒರೆಸಿದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಲ್ಸಿ ಎಂಬ ಎಂಬತ್ತು ದಾಟಿದ ಅಜ್ಜಿ ಕೂತಿದ್ದರು. ಊರಿನಲ್ಲಿ ಉಳಿದಿರುವ ಕೊನೆಯ ನೇಯುವವರು ಆ ಅಜ್ಜಿಯೇ. "ಇವನಿಗೆ ನಿಜವಾಗಿಯೂ ಕೆಲಸ ಬರುತ್ತದೆಯೋ?" ಎಂದು ಮಾರ್ಗರೆಟ್ಟರನ್ನು ಕೇಳಿದರು. ಇವರು ಮಗ್ಗದ ಕೆಳಗೆ ನುಗ್ಗಿದರು. ಸಂಜೆ ಹೊರಬಂದಾಗ ಹಣೆಯ ಮೇಲೆ ಗ್ರೀಸು, ಅಂಗಿಯ ಮೇಲೆ ಗ್ರೀಸು, ಮುಖದ ತುಂಬ ನಗು. ಎಲ್ಲ ಸರಿಯಿದೆ, ನಾಳೆ ಪಿಕ್ಕರ್ ಕೂರಿಸಿದರೆ ಮುಗಿಯಿತು ಎಂದರು. ಎಲ್ಸಿ ಆ ಅಂಗಿ ನೋಡಿ, ಬರುತ್ತದೆ ಬಿಡು ಎಂಬಂತೆ ತಲೆಯಾಡಿಸಿದರು.

ಶುಕ್ರವಾರ ಬೆಳಿಗ್ಗೆ, ಒಗೆದ ಚರ್ಮ

ಆ ದೇಶದ ಜನಕ್ಕೆ ಅತಿಥಿ ಎಂದರೆ ಬಹಳ ಪ್ರೀತಿ, ಕೊಳೆ ಎಂದರೆ ಬಹಳ ಸಿಟ್ಟು. ಎರಡೂ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ಶುಕ್ರವಾರ ಬೆಳಿಗ್ಗೆ ಗೊತ್ತಾಯಿತು.

ಹಿಂದಿನ ದಿನ ನಾವು ಮಿಲ್ಲಿನಲ್ಲಿದ್ದಾಗ ಮಾರ್ಗರೆಟ್ ಮಧ್ಯದಲ್ಲಿ ಮನೆಗೆ ಹೋಗಿ ಬಂದಿದ್ದರು. ಆಗ ಅಡುಗೆಮನೆಯಲ್ಲಿಟ್ಟಿದ್ದ ಪಿಕ್ಕರ್‌ಗಳನ್ನು ನೋಡಿದ್ದಾರೆ. ಪಾಪ, ಅಷ್ಟು ದೂರದಿಂದ ತರುವಾಗ ಏನೋ ಎಣ್ಣೆ ಚೆಲ್ಲಿಕೊಂಡಿದೆ ಎಂದುಕೊಂಡು, ಕುದಿಯುವ ನೀರಿಗೆ ಸೋಪಿನ ಪುಡಿ ಹಾಕಿ, ನಾಲ್ಕನ್ನೂ ಉಜ್ಜಿ ಉಜ್ಜಿ ತೊಳೆದಿದ್ದಾರೆ. ಅವರ ಮನೆಯಲ್ಲಿ ಹಗಲೂ ರಾತ್ರಿ ಬಿಸಿಯಾಗಿಯೇ ಇರುವ ಕಬ್ಬಿಣದ ಒಲೆಯೊಂದಿದೆ. ಅದರ ಮೇಲೆ ಒಣಗಲು ಇಟ್ಟಿದ್ದಾರೆ. ಬೆಳಿಗ್ಗೆ ಒಂದು ಚೆಂದದ ತಟ್ಟೆಯಲ್ಲಿ, ಕೆಳಗೆ ಲೇಸಿನ ಬಟ್ಟೆ ಹಾಸಿ, ತಂದು ಇವರ ಮುಂದಿಟ್ಟರು.

ಹಪ್ಪಳ! ಸೊಟ್ಟಗೆ ಸುರುಳಿಯಾಗಿ, ಬಿಳಿಚಿಕೊಂಡು, ಮೂರು ಅಡ್ಡಡ್ಡ ಸೀಳಿಹೋಗಿದ್ದವು. ಒಂದು ಮಾತ್ರ ಒಲೆಯ ಹಿಂದೆ ಬಿದ್ದು ಹೇಗೋ ಬದುಕಿಕೊಂಡಿತ್ತು.

"ವೈ ವಾಷ್ ಮೇಡಂ?" ಇವರ ದನಿ ಅಳುವ ಹಾಗಿತ್ತು. "ವೈ ವಾಷ್?"

ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅರ್ಥವಾಗುತ್ತಿದ್ದ ಹಾಗೆ ಮಾರ್ಗರೆಟ್ಟರ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು, ಆಮೇಲೆ ಕಣ್ಣೀರು ಸುರಿಯಿತು. ಇವರು ಎದ್ದು ಹೊರಗೆ ಹೋಗಿ ಬಾಗಿಲ ಕಲ್ಲಿನ ಮೇಲೆ ಕೂತರು. ಮಿಲ್ಲು ಮುಚ್ಚಿದ ದಿನವೂ ಗೇಟಿನ ಮುಂದೆ ಹೀಗೇ ಕೂತಿದ್ದರು. ಒಳಗೆ ಒಬ್ಬರು ಅಳುತ್ತಿದ್ದಾರೆ, ಹೊರಗೆ ಒಬ್ಬರು ಅಳಲಾರದೆ ಕೂತಿದ್ದಾರೆ, ನಾನು ಲೇಸಿನ ತಟ್ಟೆ ಹಿಡಿದು ನಡುವೆ ನಿಂತಿದ್ದೇನೆ.

ಆಗ ಮಾರ್ಗರೆಟ್ಟರ ನಾಯಿ ಜಾಸ್ಪರ್, ದಪ್ಪ ಹೊಟ್ಟೆಯ ಕಂದು ನಾಯಿ, ಬಂದು ಇವರ ಕಾಲ ಬುಡದಲ್ಲಿ ಬಿದ್ದುಕೊಂಡು ಏನನ್ನೋ ಕಡಿಯತೊಡಗಿತು. ಎಲುಬಿನ ಆಕಾರದ್ದು, ಎರಡೂ ತುದಿಗೆ ಗಂಟು. ಇವರು ಸುಮ್ಮನೆ ನೋಡುತ್ತಿದ್ದವರು ಸಟ್ಟನೆ ಬಗ್ಗಿ ಅದನ್ನು ನಾಯಿಯ ಬಾಯಿಂದ ಕಿತ್ತರು. ತಿರುಗಿಸಿ ನೋಡಿದರು, ಉಗುರಿನಲ್ಲಿ ಕೆರೆದರು. ನಾನು "ರೀ, ಛೀ!" ಅನ್ನುವಷ್ಟರಲ್ಲಿ ಹಲ್ಲಿನಲ್ಲಿ ಕಚ್ಚಿಯೂ ನೋಡಿಬಿಟ್ಟರು.

"ಎಮ್ಮೆ ಕಣೇ ಇದು! ಹಸಿ ಎಮ್ಮೆ ಚರ್ಮ!"

ಶುಕ್ರವಾರ ಮಧ್ಯಾಹ್ನ, ನಾಯಿಯ ಪಾಲು

ಹಳ್ಳಿಯ ಏಕೈಕ ಅಂಗಡಿಯಲ್ಲಿ ನಾಯಿ ಕಡಿಯುವ ಚರ್ಮದೆಲುಬು ಆರು ಪ್ಯಾಕೆಟ್ ಇದ್ದವು. ಆರನ್ನೂ ತಂದೆವು. ಪ್ಯಾಕೆಟ್ಟಿನ ಹಿಂದೆ ತಯಾರಾದ ದೇಶ ಇಂಡಿಯಾ ಎಂದಿತ್ತು. ಇವರು ಅದನ್ನು ನನಗೆ ಮೂರು ಸಲ ಓದಿ ಹೇಳಿದರು.

ಹರಳೆಣ್ಣೆಗೆ ಬರ್ನ್‌ಲಿಯ ಔಷಧಿ ಅಂಗಡಿಗೆ ಓಡಿದೆವು. ಅಲ್ಲಿ ಅದು ಬೆರಳುದ್ದದ ಸೀಸೆಯಲ್ಲಿ ಸಿಗುತ್ತದೆ, ಹೊಟ್ಟೆ ಕಟ್ಟಿದವರಿಗೆ. ಇದ್ದ ಹನ್ನೊಂದು ಸೀಸೆಯನ್ನೂ ಕೊಡಿ ಎಂದಾಗ ಔಷಧಿಯವನು ಕಣ್ಣರಳಿಸಿದ. ಎಷ್ಟು ಜನರಿಗೆ ತೊಂದರೆ, ಎಷ್ಟು ದಿನದಿಂದ ಎಂದು ಬಹಳ ಕಳಕಳಿಯಿಂದ ಕೇಳಿದ. ಇವರು ಎಂದಿನ ಹಾಗೆ "ಯಸ್ ಸಾರ್" ಅಂದರು. ಅವನು ಇವರಿಗೊಂದು ಕುರ್ಚಿ ತಂದುಕೊಟ್ಟ.

ಆಮೇಲೆ ಅಡುಗೆಮನೆಯೇ ವರ್ಕ್‌ಶಾಪ್ ಆಯಿತು. ಎಲುಬುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸುರುಳಿ ಬಿಚ್ಚಿದೆವು. ಚರ್ಮದ ಹಾಳೆಗಳನ್ನು ಒಂದರ ಮೇಲೊಂದು ಒತ್ತಿ, ಇವರು ತಾಮ್ರದ ಮೊಳೆ ಹೊಡೆದರು, ನಾನು ಮೇಣದ ದಾರದಲ್ಲಿ ಬಿಗಿದು ಹೊಲಿದೆ, ಮಾರ್ಗರೆಟ್ ಮೂಗು ಹಿಡಿದುಕೊಂಡು ಎಣ್ಣೆ ಸವರಿದರು. ಈ ಸಲ ಅವರು ಕೈ ತೊಳೆಯಲೂ ನಮ್ಮ ಅಪ್ಪಣೆ ಕೇಳುತ್ತಿದ್ದರು. ಜಾಸ್ಪರ್ ಮಾತ್ರ ತನ್ನ ಪಾಲಿಗಾದ ಅನ್ಯಾಯವನ್ನು ಮರೆಯಲಿಲ್ಲ. ಇವರು ಹೋದಲ್ಲೆಲ್ಲ ಹಿಂದೆ ಹಿಂದೆ ತಿರುಗಿತು. ಜೂನ್ ತಿಂಗಳಲ್ಲಿ ಅಲ್ಲಿ ಸಂಜೆ ಒಂಬತ್ತಕ್ಕೂ ಬಿಸಿಲು. ಆ ಬಿಸಿಲಿನಲ್ಲಿ ಇವರು ಹೊಸ ಪಿಕ್ಕರ್ ಹಿಡಿದು ಎತ್ತಿ ನೋಡಿದರು. ಮನುಷ್ಯರು ತಿನ್ನದ ಯಾವುದೋ ಪಲ್ಯದ ಹಾಗಿತ್ತು.

"ಒಂದ್ ಸಲ ಹೊರಟ್ರೆ ಓಡುತ್ತೆ ಕಣೇ," ಎಂದು ಮೆಲ್ಲಗೆ ಹೇಳಿದರು. "ಆದ್ರೆ ನಿಲ್ಸಿ ಮತ್ತೆ ಬಿಟ್ರೆ ಮುಗೀತು. ಶುರು ಮಾಡೋ ಏಟೇ ಜೋರು. ಎರಡನೇ ಸಲ ಅದನ್ನ ಇದು ತಡ್ಕೊಳಲ್ಲ."

"ಹಂಗಾದ್ರೆ ಟೆಸ್ಟ್ ಮಾಡಿ ನೋಡೋದು?"

"ಟೆಸ್ಟೂ ಇಲ್ಲ, ಗಿಸ್ಟೂ ಇಲ್ಲ. ನಾಳೆ ಎಲ್ಲರ ಮುಂದೇನೇ."

ಶನಿವಾರ

ಹೊಸ ಪಿಕ್ಕರ್ ಕೂರಿಸಿದರೆ ಮಗ್ಗಕ್ಕೆ ಪೂಜೆ ಆಗಲೇಬೇಕು. ಅರಿಶಿನ ಕುಂಕುಮ ನನ್ನ ಕೈಚೀಲದಲ್ಲಿತ್ತು, ತೆಂಗಿನಕಾಯಿಯನ್ನು ಮಾರ್ಗರೆಟ್ ಬರ್ನ್‌ಲಿಯಿಂದ ತಂದಿದ್ದರು. ಇವರು ಶೆಡ್ಡಿನ ಹೊಸ್ತಿಲ ಕಲ್ಲಿಗೆ ಕಾಯಿ ಎತ್ತಿದ್ದೇ ತಡ, ಮಾರ್ಗರೆಟ್ ಅಡ್ಡ ಬಂದರು. ಅದು ಸರಕಾರ ರಕ್ಷಿಸಿದ ಕಟ್ಟಡ, ಕಲ್ಲಿಗೆ ಒಂದು ಗೀರು ಬಿದ್ದರೂ ಅರ್ಜಿ ಕೊಡಬೇಕಂತೆ! ಕೊನೆಗೆ ರಸ್ತೆಯ ಅಂಚಿಗೆ ಹೋಗಿ ಒಡೆದೆವು. ಒಂದು ಹೋಳು ಜಾಸ್ಪರ್‌ಗೆ ಕೊಟ್ಟು ರಾಜಿ ಮಾಡಿಕೊಂಡೆವು.

ಕೈ ಎಣಿಸುವ ಸಭೆಗೆ ನಲವತ್ತು ಐವತ್ತು ಜನ ಸೇರಿದರು. ಗಂಡಸರು ಟೈ ಕಟ್ಟಿದ್ದರು. ಹೊಲಿಗೆಯ ಗುರುತು ಎದ್ದು ಕಾಣುವ ನಮ್ಮ ಪಿಕ್ಕರ್ ಬಲಗಡೆ, ಬದುಕುಳಿದದ್ದು ಎಡಗಡೆ. ಇವರು ಎಲ್ಲ ಬಿಗಿದು ಹಿಂದೆ ಸರಿದು ಎಲ್ಸಿಯವರಿಗೆ ಕೈ ತೋರಿಸಿದರು. ಮಗ್ಗ ಹೊರಡಿಸುವುದು ನೇಯುವವರ ಕೆಲಸ, ಜಾಬರಿನದಲ್ಲ. ಆ ಮರ್ಯಾದೆ ಆ ಊರಿನಲ್ಲೂ ಇದ್ದಿರಬೇಕು, ಎಲ್ಸಿ ಏನೂ ಕೇಳದೆ ಎದ್ದು ಬಂದು ಹಿಡಿ ಎಳೆದರು.

ಖಟಾಕ್! ಆ ಮೊದಲ ಏಟಿಗೆ ನಾನು ಕಣ್ಣು ಮುಚ್ಚಿದೆ. ಖಟಾಕ್ ಖಟಾಕ್ ಖಟಾಕ್. ಕಣ್ಣು ಬಿಟ್ಟರೆ ಲಾಳಿ ಹಾರುತ್ತಿದೆ, ನೆಲ ನಡುಗುತ್ತಿದೆ, ಮೇಲಿನ ಗಾಜುಗಳು ಗುಯ್‌ಗುಡುತ್ತಿವೆ. ಜನ ಚಪ್ಪಾಳೆ ತಟ್ಟುತ್ತಿದ್ದರು, ಒಂದೂ ಕೇಳಲಿಲ್ಲ. ನಾನು ಹುಚ್ಚಿಯ ಹಾಗೆ ಕುಣಿದೆ, ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಟೈ ಕಟ್ಟಿದ ಒಬ್ಬರ ಮೇಲೆ ಬಿದ್ದೆ. ಎಲ್ಸಿ ಬಾಯಿಯನ್ನು ದೊಡ್ಡದಾಗಿ ಆಡಿಸಿ ದೂರದ ಗೆಳತಿಗೆ ಏನೋ ಹೇಳಿದರು. ಗೆಳತಿಯೂ ಹಾಗೇ ತುಟಿಯಲ್ಲಿ ಉತ್ತರ ಕೊಟ್ಟರು. ಅಯ್ಯೋ, ಇವರೂ ನಮ್ಮ ಹಾಗೆಯೇ! ಮಗ್ಗದ ಸದ್ದಿನಲ್ಲಿ ದನಿಯಿಂದ ಏನೂ ಆಗುವುದಿಲ್ಲ. ನಮ್ಮ ಮಿಲ್ಲಿನಲ್ಲೂ ಮಾತೆಲ್ಲ ತುಟಿಯಲ್ಲೇ ನಡೆಯುತ್ತಿತ್ತು.

ಟ್ರಸ್ಟಿನ ಅಧ್ಯಕ್ಷರು ಸಭೆ ಶುರು ಮಾಡಲು ಬಾಯಿ ತೆರೆದರು, ಮುಚ್ಚಿದರು. ಮಗ್ಗ ನಿಲ್ಲಿಸಿ ಎಂದು ಸನ್ನೆ ಮಾಡಹೋದಾಗ ಮಾರ್ಗರೆಟ್ ಅವರ ಕೈಯನ್ನೇ ಹಿಡಿದುಕೊಂಡರು. ಕೊನೆಗೆ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ತೋರಿಸಿದರು: ಮಾರುವುದು ಬೇಡ ಎನ್ನುವವರು ಕೈ ಎತ್ತಿ.

ಕೈಗಳು ಎದ್ದವು. ಒಂದು, ಐದು, ಹತ್ತು, ಆಮೇಲೆ ಲೆಕ್ಕ ಸಿಗಲಿಲ್ಲ.

ಅಷ್ಟು ಹೊತ್ತೂ ಇವರು ಮಗ್ಗದ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬಲಗಡೆಯ ಪಿಕ್ಕರನ್ನೇ ನೋಡುತ್ತಿದ್ದರು. ರಟ್ಟು ಕಂಡಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಕೈಗಳ ಕಾಡು. ನಮ್ಮ ಮಿಲ್ಲಿನಲ್ಲಿ ಕೈ ಎತ್ತಿದರೆ ಒಂದೇ ಅರ್ಥ: ಯಾರದೋ ಬೆರಳೋ ಜಡೆಯೋ ಸಿಕ್ಕಿಕೊಂಡಿದೆ, ಮಗ್ಗ ನಿಲ್ಲಿಸು. ಇವರ ಮುಖ ಬಿಳಿಚಿಕೊಂಡಿತು. ಎದ್ದವರೇ ಎಲ್ಸಿಯ ಪಕ್ಕದ ಹಿಡಿಗೆ ಹಾರಿದರು.

ನಾನು ಶೆಡ್ಡಿನ ಇನ್ನೊಂದು ತುದಿಯಲ್ಲಿ, ಬಾಗಿಲ ಹತ್ತಿರ. ಕೂಗಿ ಏನು ಉಪಯೋಗ? ಎರಡೂ ಕೈ ಬೀಸಿದೆ. ಇವರು ನನ್ನ ಕಡೆ ನೋಡಿದರು. ನಾನು ದನಿಯೇ ಇಲ್ಲದೆ, ವೈಂಡಿಂಗ್ ಖಾತೆಯ ಹುಡುಗಿಯಾಗಿದ್ದಾಗಿನ ಹಾಗೆ, ತುಟಿ ಅಗಲ ಮಾಡಿ ಹೇಳಿದೆ: "ನಿಲ್ಲಿಸ್ಬೇಡಿ."

ಹಿಡಿಯ ಮೇಲೆ ಕೈಯಿಟ್ಟುಕೊಂಡೇ ತುಟಿಯಲ್ಲಿ ಕೇಳಿದರು: "ಯಾರಿಗೆ ಏನಾಯ್ತು?"

"ಯಾರಿಗೂ ಏನಿಲ್ಲ. ಮಗ್ಗ ಇರ್ಲಿ ಅಂತ ಕೈ ಎತ್ತಿದಾರೆ."

ರಾಜಾಜಿನಗರದ ಮನೆಯಲ್ಲಿ ಕಾಫಿ ಬೇಕಾ ಎಂದು ನಾಲ್ಕು ಸಲ ಕಿರುಚಿದರೂ ಕೇಳದ ಮನುಷ್ಯನಿಗೆ ಇದು ಒಂದೇ ಸಲಕ್ಕೆ ಕೇಳಿಸಿತು. ಹಿಡಿಯಿಂದ ಕೈ ತೆಗೆದರು. ಎಲ್ಸಿಯ ಪಕ್ಕ ನೆಟ್ಟಗೆ ನಿಂತರು. ಆ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದರು. ಕಣ್ಣಿನಿಂದ ನೀರು ಇಳಿದು ಗ್ರೀಸಿನ ಮೇಲೆ ದಾರಿ ಮಾಡಿಕೊಂಡಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎಣ್ಣೆಯಲ್ಲಿ ಕಪ್ಪಾಗಿದ್ದ ತಮ್ಮ ಬಲಗೈಯನ್ನೂ ಮೇಲೆತ್ತಿದರು.

ಅಧ್ಯಕ್ಷರು ಅದನ್ನೂ ಸೇರಿಸಿ ಎಣಿಸಿದರು.